ಇಂಪಾಗಿ ಕೂಗುವ ಎಂಜಿನ್ ಯಾಕೆ ಸಾಯುತ್ತದೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಒಂದು ರಿಪೇರಿ ಅಂಗಡಿಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರ ತುಂಬ ಸತ್ತ ಪಿಸ್ಟನ್‌ಗಳು, ಎಂಜಿನ್‌ನ ಸಿಲಿಂಡರಿನೊಳಗೆ ಏರಿಳಿಯುವ ಲೋಹದ ತುಂಡುಗಳು. ಪ್ಲಗ್ಗನ್ನೋ ಕಂಪೆನಿಯನ್ನೋ ಬೈಯುತ್ತ ಬರುವ ಗಿರಾಕಿಯ ಮುಂದೆ ಮೆಕ್ಯಾನಿಕ್ ಆ ಡಬ್ಬಿಯನ್ನು ಗೋಣಿಯ ಮೇಲೆ ಸುರಿದು, ಮೂರನ್ನು ಆರಿಸಿ ಸಾಲಾಗಿ ಇಡುತ್ತಾರೆ. ಒಂದರ ನೆತ್ತಿಯ ಅಂಚು ಗೆದ್ದಲು ತಿಂದ ಮರದ ಹಾಗೆ ಕೊರೆದುಹೋಗಿದೆ. ಇನ್ನೊಂದರ ನೆತ್ತಿಯ ನಡುವೆ ಕಿರುಬೆರಳು ತೂರುವಷ್ಟು ತೂತು. ಅದರ ಅಂಚಿನಲ್ಲಿ ಅಲ್ಯೂಮಿನಿಯಂ ಕರಗಿ ಬೆಲ್ಲದ ಪಾಕದಂತೆ ಇಳಿದು ಗಟ್ಟಿಯಾಗಿದೆ. ಮೂರನೆಯದು ಮೇಲಿನಿಂದ ನೋಡಿದರೆ ಹೊಸದೇ. ತಿರುಗಿಸಿದರೆ ಮಾತ್ರ ಒಂದು ಬದಿಯಲ್ಲಿ ಉದ್ದಕ್ಕೆ ಗೀರುಗಳು ಕಾಣುತ್ತವೆ, ಅಲ್ಲಿ ಪಿಸ್ಟನ್ನನ್ನು ಸುತ್ತುವ ರಿಂಗ್ ಲೋಹದೊಳಗೇ ಹೂತುಹೋಗಿದೆ.

ಆ ಮೂರನೆಯದು ನನ್ನದು. ಹುಲ್ಲು ಹೆರೆಯುವ ಮೆಷಿನ್‌ನದ್ದು.

ಕೊಳೆರೋಗಕ್ಕೆ ಮದ್ದು ಬಿಡುವ ಮೊದಲು ಅಡಕೆ ತೋಟದ ಕಾಟು (ಕಳೆ) ಸವರಬೇಕಿತ್ತು. ಮೆಷಿನ್ ಆ ದಿನ ಎಂದೂ ಇಲ್ಲದಷ್ಟು ಚೆನ್ನಾಗಿ ಓಡುತ್ತಿತ್ತು. ಸಪೂರ, ತೀಕ್ಷ್ಣ, ಒಂದೇ ಶ್ರುತಿಯ ಸ್ವರ. ಕೈಗೆ ಅದುರುವಿಕೆಯೂ ಕಡಿಮೆ. ಹೆಗಲ ಪಟ್ಟಿ ಬಿಗಿದು ಅರ್ಧ ಗಂಟೆ ಖುಷಿಯಿಂದ ಹೆರೆದೆ. ಆಮೇಲೆ ಸ್ವರ ಇದ್ದಕ್ಕಿದ್ದಂತೆ ಕುಸಿಯಿತು, ನಿಂತಿತು. ಹಗ್ಗ ಎಳೆದರೆ ಕಲ್ಲಿಗೆ ಕಟ್ಟಿದ ಹಾಗೆ ಅಲ್ಲಾಡಲಿಲ್ಲ. ಅದಕ್ಕೂ ಮೊದಲು ‘ಸ್ಟಾರ್ಟಿಂಗ್ ತೊಂದರೆ’ ಎಂದು ಬೇರೊಂದು ಅಂಗಡಿಗೆ ಒಯ್ದಾಗ ಎರಡು ಸಲ ಪ್ಲಗ್ ಬದಲಿಸಿ ಕಳುಹಿಸಿದ್ದರು. ಪೆರ್ಲದವರು ಪಿಸ್ಟನ್ ಹೊರತೆಗೆದು ನನ್ನ ಅಂಗೈಯಲ್ಲಿಟ್ಟು ಹೇಳಿದ್ದು ಇಷ್ಟೇ: “ಮಾಷ್ಟ್ರೇ, ಇದು ಹಾಡುತ್ತ ಹಾಡುತ್ತ ಸತ್ತದ್ದು.”

ಆ ಮಾತು ಅರ್ಥವಾಗಬೇಕಾದರೆ ಸಿಲಿಂಡರಿನೊಳಗೆ ನಡೆಯುವುದೇನು ಎಂಬಲ್ಲಿಂದ ಹೊರಡಬೇಕು. ಎಂಜಿನ್‌ನೊಳಗೆ ಪೆಟ್ರೋಲು ಸ್ಫೋಟಿಸುತ್ತದೆ ಎಂದು ನಾನೇ ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದು ತಪ್ಪು. ನೆಟ್ಟಗಿರುವ ಎಂಜಿನ್‌ನಲ್ಲಿ ಸ್ಫೋಟವಿಲ್ಲ, ಉರಿ ಇದೆ. ಮಾರ್ಚ್ ತಿಂಗಳಲ್ಲಿ ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಒಣಗಿದ ಮುಳಿಹುಲ್ಲಿಗೆ ಬೆಂಕಿ ಬಿದ್ದದ್ದನ್ನು ನೋಡಿದ್ದೀರಲ್ಲ? ಒಂದು ಮೂಲೆಯಲ್ಲಿ ಹತ್ತಿಕೊಂಡದ್ದು ಗೆರೆಯಾಗಿ ಮುಂದುವರಿಯುತ್ತದೆ. ಗೆರೆಯ ಹಿಂದೆ ಬೂದಿ, ಮುಂದೆ ಇನ್ನೂ ಹತ್ತದ ಹುಲ್ಲು. ಪ್ಲಗ್ಗಿನ ಕಿಡಿಯಿಂದ ಹೊರಟ ಉರಿಯೂ ಹೀಗೆಯೇ ಸಿಲಿಂಡರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತದೆ. ನಡಿಗೆಯ ವೇಗ ಸೆಕೆಂಡಿಗೆ ಕೆಲವು ಹತ್ತು ಮೀಟರು, ಅಷ್ಟೇ. ನಿಮಿಷಕ್ಕೆ 9000 ಸುತ್ತು ತಿರುಗುವ ಮೆಷಿನ್‌ನಲ್ಲಿ ಒಂದು ಸುತ್ತಿಗೆ ಸಿಗುವುದು ಒಂದು ಸೆಕೆಂಡಿನ 150ನೇ ಒಂದು ಪಾಲು. ಉರಿಗೆ ಹೊತ್ತು ಸಾಲದು. ಆದ್ದರಿಂದ ಪಿಸ್ಟನ್ ಮೇಲಕ್ಕೆ ತಲುಪುವ ಮುಂಚೆಯೇ, ಸುತ್ತಿನಲ್ಲಿ ಇನ್ನೂ 25–30 ಡಿಗ್ರಿ ಬಾಕಿ ಇರುವಾಗಲೇ, ಕಿಡಿ ಹೊಡೆಸುತ್ತಾರೆ. ಒತ್ತಡ ತುದಿ ಮುಟ್ಟುವ ಹೊತ್ತಿಗೆ ಪಿಸ್ಟನ್ ಕೆಳಮುಖವಾಗಿ ಸ್ವಲ್ಪವೇ ಇಳಿದಿರಬೇಕು. ಉಯ್ಯಾಲೆ ತೂಗುವವರಿಗೆ ಈ ಲೆಕ್ಕ ಗೊತ್ತು: ಹಿಂದಕ್ಕೆ ಬಂದು ತಿರುಗಿದ ಮೇಲೆ ದೂಡಬೇಕು, ಬರುವಾಗಲೇ ದೂಡಿದರೆ ಕೈ ಉಳುಕುತ್ತದೆ.

ಇಲ್ಲೊಂದು ಸೋಜಿಗವಿದೆ. ಉರಿಯ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660ರಲ್ಲಿ. ಪಿಸ್ಟನ್ನಿನ ಮಿಶ್ರಲೋಹಕ್ಕೆ ಅಷ್ಟೂ ಬೇಡ. ಹಾಗಿದ್ದರೂ ಪಿಸ್ಟನ್ ಕರಗುವುದಿಲ್ಲ. ಲೋಹಕ್ಕೆ ಅಂಟಿಕೊಂಡಂತೆ ಅನಿಲದ ತೆಳುವಾದ ಪದರವೊಂದು ನಿಂತಿರುತ್ತದೆ, ಅದು ಕಂಬಳಿಯ ಕೆಲಸ ಮಾಡುತ್ತದೆ. ಅದನ್ನು ದಾಟಿ ಬಂದ ಬಿಸಿ ರಿಂಗಿನ ಮೂಲಕ ಸಿಲಿಂಡರಿಗೆ, ಅಲ್ಲಿಂದ ಹೊರಗಿನ ರೆಕ್ಕೆಗಳಿಗೆ, ಅಲ್ಲಿಂದ ಗಾಳಿಗೆ ಹೋಗುತ್ತದೆ. ಇನ್ನು ಮುಂದೆ ಹೇಳುವ ಎಲ್ಲ ಅಸಹಜ ದಹನಗಳೂ ಒಂದೋ ಆ ಕಂಬಳಿಯನ್ನು ಹರಿಯುತ್ತವೆ, ಇಲ್ಲವೇ ಬಿಸಿ ಹೊರಹೋಗುವ ದಾರಿಗೆ ಅದು ಹೊರಲಾರದಷ್ಟು ಹೊರೆ ಹೊರಿಸುತ್ತವೆ.

ಮೊದಲನೆಯದು ನಾಕಿಂಗ್. ಗುಡ್ಡೆಯ ಹೋಲಿಕೆಯಲ್ಲೇ ಹೇಳುವುದಾದರೆ, ಉರಿಯ ಗೆರೆ ಇನ್ನೂ ಅರ್ಧ ದಾರಿಯಲ್ಲಿದೆ. ಮುಂದೆ ಉಳಿದ ಹುಲ್ಲು ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಬೆಂಕಿ ತಲುಪುವ ಮೊದಲೇ ತಾನಾಗಿ, ಇಡಿಯಾಗಿ, ಒಂದೇ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಇದು ನಿಜವಾದ ಸ್ಫೋಟ. ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಲು ಹೋದವರಿಗೆ ವಿವರಿಸಬೇಕಾಗಿಲ್ಲ. ಮದ್ದು ತುಂಬಿದ ಕದಿನ ಸಿಡಿದಾಗ ಕಿವಿಗಿಂತ ಮೊದಲು ಎದೆಗೂಡಿಗೆ ತಿಳಿಯುತ್ತದೆ. ಅಂಥದೇ ಒತ್ತಡದ ಅಲೆ ಸಿಲಿಂಡರಿನೊಳಗೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಹೊರಗೆ ಅದು ಕಬ್ಬಿಣದ ಡಬ್ಬಿಯಲ್ಲಿ ಹುಣಸೆ ಬೀಜ ಕುಲುಕಿದ ಸದ್ದಾಗಿ ಕೇಳಿಸುತ್ತದೆ. ಒಳಗೆ ಅಲೆ ಆ ಕಂಬಳಿಯನ್ನು ಉಜ್ಜಿ ಕಿತ್ತುಹಾಕುತ್ತದೆ, ಬೆತ್ತಲಾದ ಲೋಹಕ್ಕೆ ಉರಿ ನೇರವಾಗಿ ತಾಗುತ್ತದೆ. ಗೆದ್ದಲು ತಿಂದಂತಿದ್ದ ಮೊದಲ ಪಿಸ್ಟನ್ ಇದರ ಸಾಕ್ಷಿ.

ತಾನಾಗಿ ಹತ್ತಿಕೊಳ್ಳದೆ ಕಾಯುವ ತಾಳ್ಮೆಯನ್ನೇ ಪೆಟ್ರೋಲಿನ ಆಕ್ಟೇನ್ ಎನ್ನುವುದು. ಅದು ಶಕ್ತಿಯ ಅಳತೆಯಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ 1926ರಲ್ಲಿ ಸೂಚಿಸಿದ ಅಳತೆಗೋಲು ಇದು: ಬಲು ತಾಳ್ಮೆಯ ಐಸೊ-ಆಕ್ಟೇನಿಗೆ 100, ತಾಳ್ಮೆಯೇ ಇಲ್ಲದ ಹೆಪ್ಟೇನಿಗೆ 0. ಆ ಕಾಲದಲ್ಲಿ ಶುದ್ಧ ಹೆಪ್ಟೇನ್ ಸಿಗುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ರಾಳದಿಂದ. ಎಂಜಿನ್ ಶಾಸ್ತ್ರದ ಸೊನ್ನೆ ಒಂದು ಮರದ ಅಂಟಿನಿಂದ ಬಂದದ್ದು ನನಗೆ ಬಹಳ ಇಷ್ಟದ ಸಂಗತಿ. 1921ರಲ್ಲಿ ಥಾಮಸ್ ಮಿಜ್ಲಿ ನಾಕಿಂಗಿಗೆ ಮದ್ದಾಗಿ ಸೀಸದ ಸಂಯುಕ್ತವನ್ನು ಕಂಡುಹಿಡಿದ. ಎಂಜಿನ್‌ಗೆ ಅದು ಒಗ್ಗಿತು, ಮನುಷ್ಯರಿಗೆ ವಿಷವಾಯಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಬಂಕುಗಳಲ್ಲಿ ಸೀಸರಹಿತ ಪೆಟ್ರೋಲು ಮಾತ್ರ.

ನಮ್ಮ ಕಡೆಯ ಹಿರಿಯರಿಗೆ ಆಕ್ಟೇನ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ಪಾಠ ಗೊತ್ತಿತ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಓಡಿಸುವ ಪಂಪುಸೆಟ್ಟುಗಳು ಕೆರೆಬದಿಯಲ್ಲಿ ಇದ್ದುವಲ್ಲ, ಅವುಗಳ ಕಂಪ್ರೆಶನ್ನನ್ನೇ ಕಡಿಮೆ ಇಟ್ಟಿರುತ್ತಿದ್ದರು. ಚಿಮಿಣಿ ಎಣ್ಣೆಯ ಆಕ್ಟೇನ್ ತೀರಾ ತಗ್ಗು, ಹೆಚ್ಚು ಒತ್ತಿದರೆ ತಡೆಯುವುದಿಲ್ಲ. ಆ ಅಭ್ಯಾಸದಲ್ಲಿ ಈಗಿನ ಪೆಟ್ರೋಲ್ ಎಂಜಿನ್‌ಗೂ ‘ಒಂದು ಕುಡ್ತೆ ಸೇರಿಸಿದರೆ ಏನೂ ಆಗುವುದಿಲ್ಲ’ ಎಂದು ಚಿಮಿಣಿ ಎಣ್ಣೆ ಬೆರೆಸುವವರಿದ್ದಾರೆ. ಗೆದ್ದಲು ತಿಂದ ಪಿಸ್ಟನ್ ಅಂಥವರೊಬ್ಬರದು.

ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸಣ್ಣ ಎಂಜಿನ್‌ನಲ್ಲಿ ನಿಜವಾದ ನಾಕಿಂಗ್ ಜನ ಹೇಳುವಷ್ಟು ಇಲ್ಲ. ಸಿಲಿಂಡರಿನ ಅಗಲ ನಾಲ್ಕೈದು ಸೆಂಟಿಮೀಟರು, ಉರಿ ನಡೆಯಬೇಕಾದ ದಾರಿಯೇ ಗಿಡ್ಡ. ಮೂಲೆಯ ಅನಿಲಕ್ಕೆ ತಾಳ್ಮೆ ಕಳೆದುಕೊಳ್ಳುವಷ್ಟು ಹೊತ್ತೇ ಸಿಗುವುದಿಲ್ಲ. ‘ನಾಕಿಂಗ್ ಬರುತ್ತಿದೆ’ ಎಂದು ಅಂಗಡಿಗೆ ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವು ಸವೆದ ಬೇರಿಂಗಿನದೋ ಸಡಿಲ ಪಿಸ್ಟನ್ನಿನದೋ ಸದ್ದು. ದುಬಾರಿ ಪ್ರೀಮಿಯಂ ಪೆಟ್ರೋಲು ಹೊಯ್ದು ಅದನ್ನು ಗುಣಪಡಿಸಲಾಗದು. ಹಾಗೆ ಹೊಯ್ದು ‘ಪಿಕಪ್ ಹೆಚ್ಚಾಯಿತು’ ಎನ್ನುವವರ ಜೊತೆ ನಾನು ವಾದಿಸುವುದನ್ನು ಬಿಟ್ಟಿದ್ದೇನೆ.

ತೂತು ಬಿದ್ದ ಎರಡನೆಯ ಪಿಸ್ಟನ್ನಿನ ಕಥೆ ಬೇರೆ. ಅಲ್ಲಿ ಕಿಡಿ ಹೊಡೆಯುವ ಮೊದಲೇ ಬೆಂಕಿ ಹೊತ್ತಿತ್ತು. ಒಳಗೆ ಎಲ್ಲೋ ಒಂದು ಕೆಂಡ ಇರುತ್ತದೆ: ಕೆಂಪಗೆ ಕಾದ ಮಸಿಯ ಗಟ್ಟಿ, ಅಳತೆಗೆ ಮೀರಿ ಬಿಸಿಯಾಗುವ ತಪ್ಪು ಪ್ಲಗ್ಗಿನ ಮೂತಿ, ಸರಿಯಾಗಿ ಕೂರದೆ ಕಾದ ವಾಲ್ವಿನ ಅಂಚು. ಪಿಸ್ಟನ್ ಇನ್ನೂ ಅರ್ಧ ಏರುತ್ತಿರುವಾಗಲೇ ಆ ಕೆಂಡ ಮಿಶ್ರಣವನ್ನು ಹೊತ್ತಿಸುತ್ತದೆ. ಉರಿಯುತ್ತಿರುವ ಅನಿಲವನ್ನು ಪಿಸ್ಟನ್ ಒತ್ತುತ್ತಲೇ ಹೋಗಬೇಕು. ತಾಪ ಏರುತ್ತದೆ, ಅದರಿಂದ ಕೆಂಡ ಇನ್ನಷ್ಟು ಕೆಂಪಾಗುತ್ತದೆ, ಮುಂದಿನ ಸಲ ಇನ್ನೂ ಬೇಗ ಹೊತ್ತುತ್ತದೆ. ನಾಕಿಂಗ್ ಸದ್ದು ಮಾಡಿ ಎಚ್ಚರಿಸುತ್ತದೆ. ಇದು ಹಾಗಲ್ಲ, ಹಲವು ಸಲ ಸದ್ದೇ ಇಲ್ಲದೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸಲ ಕೆಮ್ಮಿ ತಿರುಗಿದರೆ ಒಳಗೊಂದು ಕೆಂಡವಿದೆಯೆಂದು ಅನುಮಾನಿಸಬೇಕು. ಕಿಡಿಯೇ ಇಲ್ಲದಾಗ ಇನ್ನೇನು ಹೊತ್ತಿಸಿತು? ಪ್ಲಗ್ ಕೊಳ್ಳುವಾಗ ಥ್ರೆಡ್ ಕೂತರೆ ಸಾಲದು ಎನ್ನುವುದೂ ಇದಕ್ಕೇ. ಎನ್‌ಜಿಕೆ ಕಂಪೆನಿಯ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೊರಹಾಕುವಂಥದು. ಬಾಷ್ ಕಂಪೆನಿಯದರಲ್ಲಿ ಇದು ತಿರುಗಾಮುರುಗಾ. ಅಂಕಿ ನೋಡಿ ಅಂದಾಜಿನಲ್ಲಿ ಹಾಕಿದರೆ ಯಾವ ಕಡೆಗೆ ತಪ್ಪಿದೆವೆಂದೂ ಗೊತ್ತಾಗದು.

ಇನ್ನು ನನ್ನ ಪಿಸ್ಟನ್. ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಎಂಜಿನ್ ಕೊಲ್ಲುವುದು ನಾಕಿಂಗೂ ಅಲ್ಲ, ಕೆಂಡವೂ ಅಲ್ಲ, ಪೆಟ್ರೋಲಿನ ಬಡತನ ಎಂದು ಪೆರ್ಲದವರ ಅಭಿಪ್ರಾಯ. ಡಬ್ಬಿಯಲ್ಲಿ ಗೀರು ಬಿದ್ದ ಪಿಸ್ಟನ್‌ಗಳೇ ಹೆಚ್ಚಿರುವುದನ್ನು ನಾನೂ ಕಂಡಿದ್ದೇನೆ. ಒಂದು ಕಿಲೊ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಗಾಳಿಯಿಂದ ತಣಿಯುವ ಸಣ್ಣ ಎಂಜಿನ್‌ಗೆ ಮಾತ್ರ ಅದಕ್ಕಿಂತ ಸ್ವಲ್ಪ ಹೆಚ್ಚೇ ಪೆಟ್ರೋಲು ಕೊಡುತ್ತಾರೆ. ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತ ಬಿಸಿಯನ್ನು ಹೀರುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ. ಹುಲ್ಲಿನ ಮೆಷಿನ್‌ನಂಥ ಎರಡು ಸ್ಟ್ರೋಕಿನ ಎಂಜಿನ್‌ಗೆ (ಪಿಸ್ಟನ್ ಒಮ್ಮೆ ಏರಿ ಇಳಿಯುವಷ್ಟರಲ್ಲೇ ಒಂದು ಆವರ್ತ ಮುಗಿಸುವಂಥದು) ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರುವುದರಿಂದ ಪೆಟ್ರೋಲು ಕಡಿಮೆಯಾದರೆ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಪಿಸ್ಟನ್ ಸಿಲಿಂಡರಿಗಿಂತ ಬೇಗ ಕಾದು ಹಿಗ್ಗುತ್ತದೆ. ಹೊಗೆ ಹೊರಹೋಗುವ ಬದಿ ಅತಿ ಬಿಸಿ, ಅಲ್ಲಿ ಮೊದಲು ಗೀರುತ್ತದೆ. ಎಣ್ಣೆಯನ್ನೇ ಮರೆತು ಬರೀ ಪೆಟ್ರೋಲಿನಲ್ಲಿ ಓಡಿಸಿದ ಪಿಸ್ಟನ್ ಸುತ್ತಲೂ ಗೀರಿಕೊಂಡಿರುತ್ತದೆ. ನನ್ನದರಲ್ಲಿ ಒಂದೇ ಬದಿ ಇದ್ದದ್ದರಿಂದ ಮೆಕ್ಯಾನಿಕ್ ನೋಡಿದ ಕೂಡಲೇ ಕಾರಣ ಹೇಳಿದರು.

ಮೋಸವಿರುವುದು ಸದ್ದಿನಲ್ಲಿ. ಪೆಟ್ರೋಲು ತುಸು ಹೆಚ್ಚಿರುವ ಎರಡು ಸ್ಟ್ರೋಕಿನ ಎಂಜಿನ್ ಖಾಲಿ ಓಡುವಾಗ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವುದಿಲ್ಲ, ಒಂದು ಬಿಟ್ಟು ಒಂದು ಸುತ್ತಿಗೆ ಹೊತ್ತುತ್ತದೆ. ಸ್ವರ ಒರಟಾಗಿ, ಗೊರಗೊರ ಎಂದು, ಗಂಟಲು ಕಟ್ಟಿದವರ ಹಾಗೆ ಇರುತ್ತದೆ. ಹುಲ್ಲಿಗೆ ತಾಗಿಸಿದ ತಕ್ಷಣ, ಭಾರ ಬಿದ್ದೊಡನೆ, ಗಂಟಲು ತೆರೆದು ಸ್ವರ ನೆಟ್ಟಗಾಗುತ್ತದೆ. ಇದು ಆರೋಗ್ಯ. ಖಾಲಿ ಓಟದಲ್ಲೇ ಸಪೂರವಾಗಿ, ಇಂಪಾಗಿ, ಒಂದೇ ಎಳೆಯಲ್ಲಿ ಕೂಗಿದರೆ ಅದು ಜ್ವರ. ನಾನು ಖುಷಿಪಟ್ಟದ್ದು ಆ ಜ್ವರವನ್ನು ಕೇಳಿ.

ಬಡತನ ಎಲ್ಲಿಂದ ಬರುತ್ತದೆ? ನನ್ನ ಮೆಷಿನ್‌ನಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಣ ರಬ್ಬರಿನಲ್ಲಿ ಕೂದಲೆಳೆಯ ಬಿರುಕಿತ್ತು, ಅದರಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತಿತ್ತು. ಹೊಸ ಸಿಲಿಂಡರ್ ಕೂರಿಸಿದ ಮೇಲೆ ಮೆಕ್ಯಾನಿಕ್ ಹಳೆಯ ರಬ್ಬರನ್ನೇ ಒಮ್ಮೆ ಹಾಕಿ, ನಿಧಾನ ಓಟದಲ್ಲಿಟ್ಟು, ಅದರ ಮೇಲೆ ಎರಡು ತೊಟ್ಟು ಎಣ್ಣೆ ಬಿಟ್ಟು ತೋರಿಸಿದರು. ಎಣ್ಣೆ ಬಿರುಕು ಮುಚ್ಚಿದ ಒಂದು ಕ್ಷಣ ಓಟ ಇಳಿಯಿತು, ಎಣ್ಣೆ ಒಳಗೆ ಎಳೆದುಕೊಂಡೊಡನೆ ಮತ್ತೆ ಏರಿತು. ಎಕ್ಸಲರೇಟರ್ ಬಿಟ್ಟ ಮೇಲೂ ಓಟ ಇಳಿಯಲು ತಡಮಾಡಿದರೆ ಇಂಥ ಸೋರುವಿಕೆಯನ್ನು ಹುಡುಕಬೇಕು. ಪೆಟ್ರೋಲು ಟ್ಯಾಂಕಿನೊಳಗಿನ ಸಣ್ಣ ಫಿಲ್ಟರ್ ಕಟ್ಟುವುದು, ಕಾರ್ಬೊರೇಟರಿನ ತೆಳು ಪೊರೆಯಾದ ಡಯಾಫ್ರಂ ಗಟ್ಟಿಯಾಗುವುದು, ಪೆಟ್ರೋಲು ಹಾಯುವ ಸಣ್ಣ ತೂತಾದ ಜೆಟ್ಟಿನಲ್ಲಿ ಅಂಟು ಕೂರುವುದು ಇತರ ದಾರಿಗಳು. ತಣಿಸುವ ರೆಕ್ಕೆಗಳ ನಡುವೆ ಹುಲ್ಲಿನ ಚೂರು ಎಣ್ಣೆಯೊಂದಿಗೆ ಸೇರಿ ಮೆತ್ತಿಕೊಂಡಿದ್ದರೆ ಪೆಟ್ರೋಲು ಸರಿಯಿದ್ದೂ ಎಂಜಿನ್ ಬೇಯುತ್ತದೆ. ಮದ್ದಿನ ಪಂಪಿನಲ್ಲಿ ಮೈಲುತುತ್ತು–ಸುಣ್ಣದ ನೀಲಿ ಹೆಕ್ಕಳೆ ಅದೇ ಕೆಲಸ ಮಾಡುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮ ಉದಾರ ಬುದ್ಧಿ ತಿರುಗುಬಾಣವಾಗುತ್ತದೆ. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದರೆ 40. ‘ಎಣ್ಣೆಯಲ್ಲವೇ, ಇರಲಿ’ ಎಂದು ಕಣ್ಣಳತೆಯಲ್ಲಿ ಹೆಚ್ಚು ಸುರಿದರೆ ಜೆಟ್ಟಿನ ಮೂಲಕ ಹೋಗುವ ಅದೇ ದ್ರವದಲ್ಲಿ ಎಣ್ಣೆಯ ಪಾಲು ಏರಿ ಪೆಟ್ರೋಲಿನ ಪಾಲು ಇಳಿಯುತ್ತದೆ. ಅಂದರೆ ಎಣ್ಣೆ ಹೆಚ್ಚಿಸಿ ಬಡತನವನ್ನೇ ತಂದೆವು, ಜೊತೆಗೆ ಮಸಿ, ಮಸಿಯಿಂದ ಕೆಂಡ. ಕಡಪುರದ (ಕಡಲತೀರದ) ದೋಣಿಗಳ ಎಂಜಿನ್‌ಗೆಂದು ಮಾರುವ ಎಣ್ಣೆಯೂ ಹುಲ್ಲಿನ ಮೆಷಿನ್‌ಗೆ ಸಲ್ಲದು. ಅದು ನೀರಿನಿಂದ ತಣಿಯುವ ಎಂಜಿನ್‌ನ ಕಡಿಮೆ ಬಿಸಿಗೆ ಮಾಡಿದ ಎಣ್ಣೆ.

ಈಗ ಬಂಕಿನ ಪೆಟ್ರೋಲಿನ ಬಗ್ಗೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಸೇರಿತ್ತು, 2025ಕ್ಕೆ ಅದು ಶೇ. 20 ಆಯಿತು. ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಮೇಲು, ಆದ್ದರಿಂದ ನಾಕಿಂಗಿನ ಭಯವಿಲ್ಲ. ಆದರೆ ಒಂದು ಕಿಲೊ ಎಥನಾಲಿಗೆ 9 ಕಿಲೊ ಗಾಳಿ ಸಾಕು. ಶೇ. 20ರ ಮಿಶ್ರಣಕ್ಕೆ ಬೇಕಾದ ಗಾಳಿ 13.5ರ ಆಸುಪಾಸು. ಹಳೆಯ ಪೆಟ್ರೋಲಿಗೆ ಅಳೆದಿಟ್ಟ ಜೆಟ್ಟು ಅಷ್ಟೇ ದ್ರವ, ಅಷ್ಟೇ ಗಾಳಿ ಬಿಡುತ್ತದೆ. ಫಲವಾಗಿ ಏನೂ ಕೆಡದೆಯೂ ಮಿಶ್ರಣ ತುಸು ಬಡವಾಗುತ್ತದೆ. ಕಾರಿನಲ್ಲಿ ಕಂಪ್ಯೂಟರ್ ಇದನ್ನು ಸರಿಮಾಡುತ್ತದೆ. ಹುಲ್ಲಿನ ಮೆಷಿನ್‌ನಲ್ಲಿ ಇರುವುದು ಪೆಟ್ರೋಲಿನ ಅಳತೆ ತಿದ್ದುವ ಎಲ್ (ನಿಧಾನ ಓಟಕ್ಕೆ), ಎಚ್ (ಜೋರು ಓಟಕ್ಕೆ) ಎಂಬ ಎರಡು ತಿರುಪುಗಳು ಮಾತ್ರ. ಎಚ್ ತಿರುಪನ್ನು ಆ ಗೊರಗೊರ ಸ್ವರ ಬರುವವರೆಗೆ ಕೂದಲೆಳೆಯಷ್ಟು ಬಿಡಿಸುವುದೇ ಉಪಾಯ.

ಎಥನಾಲಿನ ಇನ್ನೊಂದು ಗುಣ ನೀರಿನ ಮೇಲಿನ ಮೋಹ. ನಮ್ಮಲ್ಲಿ ಹಲವರು ಅಡ್ಕಸ್ಥಳ ದಾಟಿಯೋ ತಲಪಾಡಿ ದಾಟಿಯೋ ಕರ್ನಾಟಕದ ಬಂಕಿನಲ್ಲಿ ಕೆಲವು ರೂಪಾಯಿ ಅಗ್ಗಕ್ಕೆ ಕ್ಯಾನ್ ತುಂಬಿಸಿ ತರುತ್ತಾರೆ. ಅಗ್ಗದ ಆಸೆಗೆ ಹೆಚ್ಚೇ ತರುತ್ತಾರೆ. ಮೇ ತಿಂಗಳ ಕ್ಯಾನ್ ಕೊಟ್ಟಿಗೆಯ ಮೂಲೆಯಲ್ಲಿ ಆಗಸ್ಟಿನ ಎರಡನೆಯ ಮದ್ದಿನವರೆಗೂ ಕೂರುತ್ತದೆ. ಬೇಗ ಹತ್ತಿಕೊಳ್ಳುವ ಹಗುರ ಅಂಶ ಮೊದಲು ಆರಿಹೋಗುತ್ತದೆ, ಹಾಗಾಗಿ ಸ್ಟಾರ್ಟಿಂಗ್ ತೊಂದರೆ. ಮುಚ್ಚಳ ಸಡಿಲವಿದ್ದರೆ ಆಟಿ ತಿಂಗಳ ಮಳೆಗಾಳಿಯಿಂದ ಎಥನಾಲ್ ನೀರು ಹೀರುತ್ತದೆ. ನೀರು ಮಿತಿ ಮೀರಿದ ದಿನ ಎರಡೂ ಸೇರಿ ಪೆಟ್ರೋಲಿನಿಂದ ಕಳಚಿಕೊಂಡು ತಳಕ್ಕಿಳಿಯುತ್ತವೆ. ಎರಡು ಸ್ಟ್ರೋಕಿನ ಮಿಶ್ರಣದಲ್ಲಿ ಇದು ಇನ್ನೂ ಅಪಾಯ: ಎಣ್ಣೆ ಮೇಲಿನ ಪೆಟ್ರೋಲಿನೊಂದಿಗೇ ಉಳಿಯುತ್ತದೆ, ಎಂಜಿನ್ ಹೀರುವುದು ತಳದ್ದನ್ನು. ಅನುಮಾನ ಬಂದರೆ ಗಾಜಿನ ಬಾಟಲಿಗೆ ಸ್ವಲ್ಪ ಹೊಯ್ದು ಹತ್ತು ನಿಮಿಷ ಬಿಡಿ. ನಡುವೆ ಗೆರೆ ಕಂಡರೆ ಆ ಕ್ಯಾನನ್ನು ಯಾವ ಎಂಜಿನ್‌ಗೂ ಕೊಡಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದುಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಕಾರ್ಬೊರೇಟರಿನ ಅರ್ಧ ರೋಗ ಬರುವುದೇ ಇಲ್ಲ.

‘ಢಂ’ ಎನ್ನುವ ಸದ್ದಿನ ಬಗ್ಗೆ ಚುಟುಕಾಗಿ: ಅದು ಸೈಲೆನ್ಸರಿನಿಂದ ಬಂದರೆ ಉರಿಯದ ಪೆಟ್ರೋಲು ಅಲ್ಲಿ ಹೋಗಿ ಹತ್ತಿದೆ, ಅಂದರೆ ಕಿಡಿ ನಡುನಡುವೆ ತಪ್ಪುತ್ತಿದೆ ಅಥವಾ ಪೆಟ್ರೋಲು ಅತಿಯಾಗಿದೆ. ಕಾರ್ಬೊರೇಟರಿನ ಬಾಯಿಯಿಂದ ಬಂದರೆ ಮಿಶ್ರಣ ಬಡವಾಗಿದೆ, ಇಲ್ಲವೇ ಕಿಡಿಯ ಹೊತ್ತು ತಪ್ಪಿದೆ. ಎಂಜಿನ್‌ನ ಭಾರದ ಚಕ್ರವಾದ ಫ್ಲೈವೀಲನ್ನು ಜಾಗದಲ್ಲಿ ಹಿಡಿದಿಡುವ ಚಿಕ್ಕ ಕೀ ತುಂಡಾದರೆ ಕಿಡಿಯ ಹೊತ್ತು ಹೀಗೆ ತಪ್ಪುತ್ತದೆ.

ಇದಕ್ಕಿಂತ ಹೆಚ್ಚು ತಲೆ ತಿನ್ನುವುದು ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಮೆಷಿನ್. ಮದ್ದು ಬಿಡುವವರು ಮರದ ತುದಿಯಲ್ಲಿ ಕೊಳವೆ ಹಿಡಿದು ಕೂತಿರುತ್ತಾರೆ, ಮೋಡ ಕಟ್ಟುತ್ತಿರುತ್ತದೆ, ಕೆಳಗೆ ಪಂಪು ಸದ್ದಿಲ್ಲದೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್. ಇದಕ್ಕೆ ಎರಡು ಕಾರಣಗಳು ಅವಳಿ ಮಕ್ಕಳಂತಿವೆ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಪೆಟ್ರೋಲು ಇಳಿದಂತೆ ಒಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ, ಬಿಟ್ಟರೆ ನಿಧಾನವಾಗಿ ಗಾಳಿ ತುಂಬಿ ಸರಿಹೋಗುತ್ತದೆ. ಕಿಡಿ ಕೊಡುವ ಕಾಯಿಲ್ ಹಳತಾಗಿದ್ದರೆ ಬಿಸಿಯಾದಾಗ ಒಳಗಿನ ತಂತಿ ಕೈಕೊಡುತ್ತದೆ, ತಣಿದರೆ ಮತ್ತೆ ಕೂಡುತ್ತದೆ. ಬೇರ್ಪಡಿಸಲು ನಿಂತ ಕ್ಷಣದಲ್ಲೇ ನೋಡಬೇಕು. ಮುಚ್ಚಳ ಸಡಿಲಿಸಿ: ‘ಸುಸ್’ ಎಂದು ಗಾಳಿ ಒಳಗೆಳೆದು, ಕೂಡಲೇ ಸ್ಟಾರ್ಟ್ ಆದರೆ ತೂತನ್ನು ಸೂಜಿಯಿಂದ ಬಿಡಿಸಿದರೆ ಮುಗಿಯಿತು, ಖರ್ಚಿಲ್ಲ. ಇಲ್ಲದಿದ್ದರೆ ಕಾಯಿಲ್. ತಣಿದ ಮೆಷಿನ್ ಹೊತ್ತು ಅಂಗಡಿಗೆ ಹೋದರೆ ಅಲ್ಲಿ ಅದು ಚೆನ್ನಾಗಿಯೇ ಓಡುತ್ತದೆ, ನೀವು ಸುಳ್ಳುಗಾರರಾಗುತ್ತೀರಿ.

ನಾಲ್ಕು ಸ್ಟ್ರೋಕಿನ ಪಂಪುಗಳಿಗೆ ಎರಡು ವಿಶೇಷ ಕಾಯಿಲೆಗಳು. ಹೆಚ್ಚಿನವುಗಳಲ್ಲಿ ಎಣ್ಣೆಯನ್ನು ಒಂದು ಚಮಚದಂಥ ತುಂಡು ಎರಚುತ್ತದೆ. ಕೆರೆಯ ಇಳಿಜಾರಿನಲ್ಲಿ ವಾರೆಯಾಗಿಟ್ಟರೆ ಚಮಚ ಎಣ್ಣೆಗೆ ತಾಗುವುದೇ ಇಲ್ಲ. ಇನ್ನೊಂದು, ಹೊಗೆಯ ವಾಲ್ವಿನ ಸಂದು. ಕೂದಲಿನ ಎರಡು ಪಟ್ಟು ದಪ್ಪದ ಆ ಸಂದು ಸವೆದು ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಕೂತಾಗಲೇ ಅದರ ಬಿಸಿ ಇಳಿಯಬೇಕು. ಕೂರದೆ ಅಂಚು ಸುಟ್ಟು, ಮೊದಲು ಹೇಳಿದ ಕೆಂಡವಾಗುತ್ತದೆ.

ಪ್ಲಗ್ಗನ್ನು ಬೈದದ್ದು ಸಾಕು, ಅದು ಸಾಕ್ಷಿದಾರ. ಭಾರದಲ್ಲಿ ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಕಾಫಿಪುಡಿಯ ಬಣ್ಣ ಇದ್ದರೆ ನೆಮ್ಮದಿ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದರೆ ಬಡತನ ಮತ್ತು ಬಿಸಿ. ಬಿಳಿ ಪಿಂಗಾಣಿಯ ಮೇಲೆ ಮಿನುಗುವ ಬೂದು ಚುಕ್ಕಿಗಳು ಕಂಡರೆ ಅವು ನಿಮ್ಮ ಪಿಸ್ಟನ್ನಿನ ಚೂರುಗಳು. ನನ್ನ ಎರಡೂ ಹಳೆಯ ಪ್ಲಗ್‌ಗಳು ಸುಣ್ಣದ ಬಿಳಿ ಇದ್ದುವು. ಅವುಗಳನ್ನು ಬದಲಿಸಿದವರು ಬಣ್ಣ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಹೊಸ ಪಿಸ್ಟನ್, ಹೊಸ ರಬ್ಬರು ಹಾಕಿಸಿ ತಂದು ಮರುದಿನ ಅಂಗಳದಲ್ಲಿ ಸ್ಟಾರ್ಟ್ ಮಾಡಿದೆ. ಗೊರಗೊರ ಎಂದು, ಕಫ ಕಟ್ಟಿದವರ ಹಾಗೆ ಓಡಿತು. ಆಚೆ ತೋಟದವರು ಬೇಲಿಯ ಬಳಿ ಬಂದು ಸ್ವಲ್ಪ ಹೊತ್ತು ಕೇಳಿದರು. “ರಿಪೇರಿ ಸರಿಯಾಗಲಿಲ್ಲವೋ ಮಾಷ್ಟ್ರೇ?” ಎಂದು ಕೇಳಿದರು.